ಮನೆಯಲ್ಲಿ ಹಾಡುವ ಸಿಡಿ ಕಾರಿನಲ್ಲಿ ಯಾಕೆ ಹಾಡುವುದಿಲ್ಲ?

ಪ್ರಶ್ನೆ: ನಮ್ಮಣ್ಣ 2003ರಿಂದ 2005ರವರೆಗೆ ಫ್ರಾಂಕ್‌ಫರ್ಟ್‌ನಲ್ಲಿದ್ದಾಗ ಕೊಂಡ ಸಂಗೀತದ ಸಿಡಿಗಳು ಈಗ ನನ್ನ ಹತ್ತಿರ ಇವೆ. ಅಮೆರಿಕದಿಂದ ತಂದ ಒಂದೆರಡೂ ಅದರಲ್ಲಿ ಸೇರಿಕೊಂಡಿವೆ. ಮನೆಯ ಹಳೇ ಸಿಡಿ ಪ್ಲೇಯರ್‌ನಲ್ಲಿ ಎಲ್ಲವೂ ಚೆನ್ನಾಗಿ ಹಾಡುತ್ತವೆ. ಆದರೆ ಕೆಲವನ್ನು ಕಾರಿನ ಸ್ಟೀರಿಯೊಗೆ ಹಾಕಿದರೆ 'ಡಿಸ್ಕ್ ಎರರ್' ಎಂದು ಹೊರಗೆ ತಳ್ಳುತ್ತದೆ. ಲ್ಯಾಪ್‌ಟಾಪ್‌ಗೆ ಹಾಕಿದರೆ ಯಾವುದೋ ಬೇರೆ ಪ್ಲೇಯರ್ ತಾನಾಗಿ ತೆರೆದುಕೊಳ್ಳುತ್ತದೆ, ಸದ್ದು ಮಂಕಾಗಿ ಕೇಳುತ್ತದೆ. ಪೆನ್‌ಡ್ರೈವ್‌ಗೆ ಹಾಕಿಸೋಣ ಎಂದು ಎಸ್.ಪಿ. ರೋಡಿನ ಅಂಗಡಿಯೊಂದಕ್ಕೆ ಹೋದರೆ, "ಇದು ಕಾಪಿ ಪ್ರೊಟೆಕ್ಷನ್ ಇರೋ ಡಿಸ್ಕ್ ಸಾರ್, ಮುಟ್ಟಿದ್ರೆ ಕೇಸ್ ಆಗುತ್ತೆ" ಎಂದು ವಾಪಸ್ ಕಳಿಸಿದರು. ಡಿಸ್ಕ್ ಹಾಳಾಗಿದೆಯೇ? ಲ್ಯಾಪ್‌ಟಾಪ್‌ಗೆ ವೈರಸ್ ಬಂದಿರಬಹುದೇ? ದುಡ್ಡು ಕೊಟ್ಟು ಕೊಂಡ ಸಿಡಿಯನ್ನು ನಮ್ಮ ಬಳಕೆಗೆ ನಕಲು ಮಾಡಿಕೊಳ್ಳುವುದು ಅಪರಾಧವೇ?
(ರಾಜಾಜಿನಗರದ ಓದುಗರೊಬ್ಬರು)

ಉತ್ತರ: ಡಿಸ್ಕ್ ಹಾಳಾಗಿಲ್ಲ. ಕೆಲವು ಯಂತ್ರಗಳಿಗೆ ಹಾಳಾದಂತೆ ಕಾಣಲಿ ಎಂದು ಕಾರ್ಖಾನೆಯಲ್ಲೇ ಹಾಗೆ ಮಾಡಿ ಕಳಿಸಿದ್ದಾರೆ.

ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ತೊಂದರೆ ಕೊಡುವ ಡಿಸ್ಕನ್ನು ಡಬ್ಬಿಯಿಂದ ತೆಗೆದು, ಡಿಸ್ಕಿನ ಮೇಲೆಯೇ 'ಕಾಂಪ್ಯಾಕ್ಟ್ ಡಿಸ್ಕ್ ಡಿಜಿಟಲ್ ಆಡಿಯೊ' ಎಂಬ ಪರಿಚಿತ ಮುದ್ರೆ ಇದೆಯೇ ನೋಡಿ. ಡಬ್ಬಿಯ ಪ್ಲಾಸ್ಟಿಕ್ಕಿನಲ್ಲಿ ಉಬ್ಬಿರುವ ಮುದ್ರೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಡಬ್ಬಿ ಯಾವ ಡಿಸ್ಕಿಗಾದರೂ ಬರುವಂಥದ್ದು, ಅದರಲ್ಲಿ ಆ ಗುರುತು ಅಚ್ಚಿನಲ್ಲೇ ಬಂದಿರುತ್ತದೆ. ಯೂರೋಪಿನಲ್ಲಿ ಆ ವರ್ಷಗಳಲ್ಲಿ ಇಎಂಐ ಮುಂತಾದ ಸಂಗೀತ ಕಂಪನಿಗಳು ಮಾರಿದ, ನಕಲು ತಡೆಯುವ ಬೀಗ ಹಾಕಿದ ಡಿಸ್ಕುಗಳ ಹಿಂಬದಿಯಲ್ಲಿ 'ಕಾಪಿ ಕಂಟ್ರೋಲ್' ಎಂಬ ಬೇರೆ ಗುರುತು ಇರುತ್ತದೆ. ಕೆಲವು ಸಾಧನಗಳಲ್ಲಿ, ಉದಾಹರಣೆಗೆ ಕಾರಿನ ಪ್ಲೇಯರ್‌ಗಳಲ್ಲಿ, ತೊಂದರೆ ಬರಬಹುದು ಎಂಬ ಎಚ್ಚರಿಕೆಯೂ ಸಣ್ಣ ಅಕ್ಷರದಲ್ಲಿ ಇರುತ್ತದೆ. ನಿಮ್ಮ ಮೊದಲನೇ ಪ್ರಶ್ನೆಗೆ ಕಂಪನಿಯೇ ಇಪ್ಪತ್ತು ವರ್ಷದ ಹಿಂದೆ ಡಬ್ಬಿಯ ಮೇಲೆ ಉತ್ತರ ಬರೆದಿಟ್ಟಿದೆ, ಭೂತಗನ್ನಡಿ ಬೇಕಾಗುತ್ತದೆ ಅಷ್ಟೆ. ಸಿಡಿ ಮುದ್ರೆಯ ಒಡೆತನವಿದ್ದ ಫಿಲಿಪ್ಸ್ ಕಂಪನಿಯೇ ಈ ಬೀಗದ ಡಿಸ್ಕುಗಳು ತನ್ನ ಮಾನದಂಡಕ್ಕೆ ಹೊಂದುವುದಿಲ್ಲ, ಇವುಗಳ ಮೇಲೆ ಆ ಮುದ್ರೆ ಹಾಕುವಂತಿಲ್ಲ ಎಂದು ಹೇಳಿತ್ತು. ಕಟ್ಟುನಿಟ್ಟಾಗಿ ಹೇಳಬೇಕೆಂದರೆ ನಿಮ್ಮಣ್ಣ ದುಡ್ಡು ಕೊಟ್ಟು ತಂದದ್ದು ಸಿಡಿಯ ಆಕಾರದ ಇನ್ನೇನನ್ನೋ.

ಹೀಗಾಗಲು ಕಾರಣವಿದೆ. ಫಿಲಿಪ್ಸ್ ಮತ್ತು ಸೋನಿ ಸೇರಿ ಸಿಡಿಯ ಮಾನದಂಡ ರೂಪಿಸಿದ್ದು 1980ರಲ್ಲಿ, ಡಿಸ್ಕ್ ಮಾರುಕಟ್ಟೆಗೆ ಬಂದಿದ್ದು 1982ರಲ್ಲಿ. ಆಗ ಕಂಪ್ಯೂಟರಿಗೆ ನಕಲಾಗುತ್ತದೆ ಎಂಬ ಭಯ ಇರಲಿಲ್ಲ, ಯಾಕೆಂದರೆ ಅದರಲ್ಲಿ ನಕಲು ಮಾಡಿ ಇಡಲು ಜಾಗವೇ ಇರಲಿಲ್ಲ. 1983ರ ಐಬಿಎಂ ಪಿಸಿ ಎಕ್ಸ್‌ಟಿಯ ಹಾರ್ಡ್ ಡಿಸ್ಕ್ ಹಿಡಿಸುತ್ತಿದ್ದದ್ದು 10 ಮೆಗಾಬೈಟ್, ಅಂದರೆ ಸಿಡಿಯ ಹಾಡಿನಲ್ಲಿ ಒಂದು ನಿಮಿಷದಷ್ಟು. ಹಾಗಾಗಿ ಮಾನದಂಡದಲ್ಲಿ ಬೀಗಕ್ಕೆ ಜಾಗವನ್ನೇ ಇಡಲಿಲ್ಲ. ತೊಂಬತ್ತರ ದಶಕದ ಕೊನೆಗೆ ಸಿಡಿ ರೈಟರ್ ಅಗ್ಗವಾಯಿತು, 1999ರಲ್ಲಿ ಹಾಡುಗಳನ್ನು ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಹಂಚಿಕೊಳ್ಳುವ ನ್ಯಾಪ್‌ಸ್ಟರ್ ಬಂತು, ಕಂಪನಿಗಳು ಗಾಬರಿಬಿದ್ದವು. ಅಷ್ಟರಲ್ಲಿ ಜಗತ್ತಿನ ಕೋಟ್ಯಂತರ ಮನೆಗಳಲ್ಲಿ ಬೀಗ ಎಂದರೇನೆಂದೇ ಗೊತ್ತಿಲ್ಲದ ಪ್ಲೇಯರ್‌ಗಳು ಕೂತಿದ್ದವು. ಅವುಗಳಲ್ಲಿ ಹಾಡಲೇಬೇಕು, ಕಂಪ್ಯೂಟರಿನಲ್ಲಿ ಮಾತ್ರ ಹಾಡಬಾರದು. ಉಳಿದದ್ದು ಒಂದೇ ದಾರಿ: ಹಳೇ ಪ್ಲೇಯರ್ ಸಹಿಸಿಕೊಳ್ಳುವಂಥ, ಕಂಪ್ಯೂಟರ್ ಎಡವಿ ಬೀಳುವಂಥ ತಪ್ಪುಗಳನ್ನು ಬೇಕೆಂದೇ ಡಿಸ್ಕಿನೊಳಗೆ ಅಚ್ಚು ಹಾಕುವುದು.

ತಪ್ಪು ಎರಡು ಬಗೆಯದು. ಮೊದಲನೆಯದು ಡಿಸ್ಕಿನ ವಿಷಯಸೂಚಿಗೆ ಸಂಬಂಧಿಸಿದ್ದು. ಎಷ್ಟು ಹಾಡು, ಯಾವುದು ಎಲ್ಲಿ ಶುರುವಾಗುತ್ತದೆ ಎಂಬ ಪಟ್ಟಿ ಡಿಸ್ಕಿನ ಒಳಸುತ್ತಿನಲ್ಲಿರುತ್ತದೆ. ಮನೆಯ ಹಳೇ ಪ್ಲೇಯರ್ ಆ ಮೊದಲ ಪಟ್ಟಿಯನ್ನು ಓದಿ ಹಾಡಲು ಶುರುಮಾಡುತ್ತದೆ. ಕಂಪ್ಯೂಟರಿನ ಡ್ರೈವ್ ಹಾಗಲ್ಲ. ಡಿಸ್ಕಿಗೆ ಆಮೇಲೆ ಏನಾದರೂ ಸೇರಿಸಿರಬಹುದು ಎಂದು ಕೊನೆಯ ಸೆಷನ್, ಅಂದರೆ ಕೊನೆಯ ಸಲ ಬರೆದ ಭಾಗವನ್ನು ಹುಡುಕಿಕೊಂಡು ಹೋಗುತ್ತದೆ. ಇಸ್ರೇಲಿನ ಮಿಡ್‌ಬಾರ್ ಕಂಪನಿಯ 'ಕ್ಯಾಕ್ಟಸ್ ಡೇಟಾ ಶೀಲ್ಡ್' ಎಂಬ ತಂತ್ರ, ಸೋನಿಯ 'ಕೀ ಟು ಆಡಿಯೊ' ಎರಡೂ ಇದೇ ಸ್ವಭಾವವನ್ನು ಬಳಸಿಕೊಂಡವು. ಹಾಡಿನ ಆಚೆ ಎರಡನೇ ಸೆಷನ್ ಇಟ್ಟು ಅದರ ಪಟ್ಟಿಯನ್ನು ಕೆಡಿಸಿದರು. ಕ್ಯಾಕ್ಟಸ್‌ನ ಡಿಸ್ಕುಗಳಲ್ಲಿ ಅಲ್ಲೇ ಒಂದು ಸಣ್ಣ ಪ್ಲೇಯರ್ ತಂತ್ರಾಂಶ, ಜೊತೆಗೆ ಅದೇ ಹಾಡುಗಳ ಕುಗ್ಗಿಸಿದ ಪ್ರತಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ತಾನಾಗಿ ತೆರೆದುಕೊಂಡದ್ದು ಅದೇ. ಮಂಕಾದ ಸದ್ದು ಬಂದದ್ದು ಆ ಕುಗ್ಗಿಸಿದ ಪ್ರತಿಯಿಂದ. ನಿಜವಾದ ಹಾಡನ್ನು ಲ್ಯಾಪ್‌ಟಾಪ್ ಮುಟ್ಟಿಯೇ ಇಲ್ಲ.

ಹಾಗಾದರೆ ಕಾರಿನ ಸ್ಟೀರಿಯೊ ಏನು ತಪ್ಪು ಮಾಡಿತು? ಎಂಪಿ3 ಡಿಸ್ಕ್ ಓದಬಲ್ಲ ಯಾವ ಕಾರ್ ಸ್ಟೀರಿಯೊದಲ್ಲೂ ಒಳಗಿರುವುದು ಕಂಪ್ಯೂಟರಿನ ಜಾತಿಯ ಡ್ರೈವ್. ಅದೂ ಕೊನೆಯ ಸೆಷನ್ ಹುಡುಕುತ್ತದೆ, ಕೆಟ್ಟ ಪಟ್ಟಿ ಸಿಗುತ್ತದೆ, ಡಿಸ್ಕನ್ನು ಉಗುಳುತ್ತದೆ. ಡಿವಿಡಿ ಪ್ಲೇಯರ್‌ಗಳಲ್ಲೂ ಇದೇ ಕಥೆ. ಯಂತ್ರ ಹೊಸದಾದಷ್ಟೂ ತೊಂದರೆ ಹೆಚ್ಚು.

ಎರಡನೇ ಬಗೆಯ ತಪ್ಪು ಇದಕ್ಕಿಂತ ಕೆಟ್ಟದ್ದು. ಸಿಡಿಯಲ್ಲಿ ಶಬ್ದವನ್ನು ಸೆಕೆಂಡಿಗೆ 44,100 ಸಲ ಅಳೆದು ಅಂಕಿಗಳಾಗಿ ಬರೆದಿರುತ್ತಾರೆ. ಗೀಚು, ಧೂಳು, ಬೆರಳಚ್ಚು ಬಿದ್ದಾಗ ಕೆಲವು ಅಂಕಿ ಕಳೆದುಹೋಗುತ್ತವೆ. ಅವನ್ನು ಮರಳಿ ಲೆಕ್ಕಹಾಕಲು ಬೇಕಾದ ಹೆಚ್ಚುವರಿ ಮಾಹಿತಿಯನ್ನೂ ಡಿಸ್ಕಿನಲ್ಲಿ ಹರಡಿ ಇಟ್ಟಿರುತ್ತಾರೆ. ಅದರಿಂದ ಟ್ರ್ಯಾಕಿನ ಉದ್ದಕ್ಕೆ ಸುಮಾರು ಎರಡೂವರೆ ಮಿಲಿಮೀಟರ್ ಅಳಿಸಿಹೋದರೂ ಹಾಡು ಒಂದಿಷ್ಟೂ ಕೆಡದೆ ವಾಪಸ್ ಬರುತ್ತದೆ. ಅದಕ್ಕೂ ಮೀರಿದ ಗೀಚಾದರೆ ಪ್ಲೇಯರ್ ಅಂದಾಜು ಮಾಡುತ್ತದೆ: ಹಿಂದಿನ ಅಂಕಿ 100, ಮುಂದಿನದು 104, ಹಾಗಾದರೆ ನಡುವಿನದು 102 ಇರಲಿ. ಕಿವಿಗೆ ಗೊತ್ತಾಗುವುದಿಲ್ಲ. ಹಾಡಾದ್ದರಿಂದ ನಡೆಯುತ್ತದೆ, ಬ್ಯಾಂಕಿನ ಲೆಕ್ಕವಾಗಿದ್ದರೆ ನಡೆಯುತ್ತಿರಲಿಲ್ಲ. ನಕಲು ತಡೆಯುವವರು ಹಿಡಿದದ್ದು ಇದನ್ನೇ. ಕೆಲವು ಡಿಸ್ಕುಗಳಲ್ಲಿ ಅಲ್ಲಲ್ಲಿ ತಪ್ಪು ಅಂಕಿಗಳನ್ನು ಬರೆದು, ಅವುಗಳ ತಿದ್ದುಪಡಿಯ ಮಾಹಿತಿಯನ್ನೂ ತಾಳೆಯಾಗದಂತೆ ಕೆಡಿಸಿದರು. ಪ್ಲೇಯರ್ ಅಂದಾಜು ಮಾಡಿ ಮುಂದೆ ಹೋಗುತ್ತದೆ; ಇದ್ದುದನ್ನು ಇದ್ದಂತೆ ನಕಲು ಮಾಡುವ ಕಂಪ್ಯೂಟರಿಗೆ ಚಟಪಟ ಸದ್ದು ಸಿಗುತ್ತದೆ.

ಇದರ ಬೆಲೆ ತೆತ್ತದ್ದು ಕೊಂಡವರು. ಗೀಚು ಬಿದ್ದಾಗ ನೆರವಿಗೆ ಬರಲೆಂದು ಇಟ್ಟಿದ್ದ ಮೀಸಲು ಹೊಸ ಡಿಸ್ಕಿನಲ್ಲೇ ಖರ್ಚಾಗಿಬಿಟ್ಟಿರುತ್ತದೆ. ಆಪತ್ತಿಗೆಂದು ತೆಗೆದಿಟ್ಟ ಗಂಟನ್ನು ಅಂಗಡಿಯವನೇ ಬಿಚ್ಚಿ ಖರ್ಚು ಮಾಡಿ, ಖಾಲಿ ಬಟ್ಟೆಯನ್ನು ಮಡಿಸಿ ಕೊಟ್ಟ ಹಾಗೆ. ಮಾಮೂಲಿ ಸಿಡಿ ಸಹಿಸಿಕೊಳ್ಳುವ ಗೀಚಿಗೆ ಇದು ಹಾರತೊಡಗುತ್ತದೆ. ಆದ್ದರಿಂದ ನಿಮ್ಮ ಸಂಗ್ರಹದಲ್ಲಿ ನಕಲು ಮಾಡಿಡಬೇಕಾದ ತುರ್ತು ಇರುವುದು ನಕಲು ಮಾಡಬಾರದು ಎಂದು ತಯಾರಿಸಿದ ಡಿಸ್ಕುಗಳಿಗೇ.

ಇಷ್ಟೆಲ್ಲ ಮಾಡಿ ಬೀಗವಾದರೂ ನಿಂತಿತೇ? 2002ರಲ್ಲಿ, ಕೀ ಟು ಆಡಿಯೊ ಇದ್ದ ಡಿಸ್ಕಿನ ಹೊರಸುತ್ತಿಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಗೆರೆ ಎಳೆದರೆ ಸಾಕು, ಕೆಟ್ಟ ಸೆಷನ್ ಡ್ರೈವಿಗೆ ಕಾಣುವುದೇ ಇಲ್ಲ ಎಂಬುದು ಬಯಲಾಯಿತು. ಕ್ಯಾಸೆಟ್ಟಿನ ಮೇಲಂಚಿನ ಪ್ಲಾಸ್ಟಿಕ್ ಹಲ್ಲು ಮುರಿದಿದ್ದರೆ ತೂತಿನ ಮೇಲೆ ಸೆಲ್ಲೋಟೇಪ್ ಅಂಟಿಸಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದ ನಮ್ಮ ತಲೆಮಾರಿನವರಿಗೆ ಇದರಲ್ಲಿ ಆಶ್ಚರ್ಯವೇನಿಲ್ಲ. 2003ರಲ್ಲಿ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಅಲೆಕ್ಸ್ ಹಾಲ್ಡರ್‌ಮನ್, ಸನ್‌ಕಾಮ್ ಕಂಪನಿಯ 'ಮೀಡಿಯಾಮ್ಯಾಕ್ಸ್' ಎಂಬ ಬೀಗದ ಬಗ್ಗೆ ಬರೆದರು: ಡಿಸ್ಕ್ ಹಾಕುವಾಗ ಶಿಫ್ಟ್ ಕೀ ಒತ್ತಿ ಹಿಡಿದರೆ ಸಾಕು, ತಂತ್ರಾಂಶ ತಾನಾಗಿ ಏಳುವುದಿಲ್ಲ, ಬೀಗವೂ ಬೀಳುವುದಿಲ್ಲ. ಕಂಪನಿ ಕೋರ್ಟಿಗೆ ಎಳೆಯುತ್ತೇನೆ ಎಂದು ಗುಡುಗಿ, ಊರೆಲ್ಲ ನಕ್ಕ ಮೇಲೆ ಸುಮ್ಮನಾಯಿತು. (ಮಾರ್ಕರ್ ಉಪಾಯವನ್ನು ನಿಮ್ಮಣ್ಣನ ಡಿಸ್ಕುಗಳ ಮೇಲೆ ಪ್ರಯೋಗಿಸಬೇಡಿ. ಗೆರೆ ಒಂದು ಕೂದಲೆಳೆ ಒಳಗೆ ಸರಿದರೂ ಕೊನೆಯ ಹಾಡು ಹೋಯಿತು.)

ಮೆಜೆಸ್ಟಿಕ್ಕಿನ ಫುಟ್‌ಪಾತಿನಲ್ಲಿ ನೂರು ಹಾಡಿನ ಎಂಪಿ3 ಡಿಸ್ಕುಗಳನ್ನು ಹರಡಿಕೊಂಡು ಕೂರುತ್ತಿದ್ದವರನ್ನು ನೆನಪಿಸಿಕೊಳ್ಳಿ. ಒಂದು ಬೀಗ ಒಮ್ಮೆ ಒಡೆದರೆ ಅಲ್ಲಿಂದಾಚೆಗಿನ ಸಾವಿರಾರು ಪ್ರತಿಗಳಲ್ಲಿ ಬೀಗವೇ ಇರುವುದಿಲ್ಲ. ಹಾಗಾಗಿ ಫುಟ್‌ಪಾತಿನ ಡಿಸ್ಕ್ ಕೊಂಡವನ ಕಾರಿನಲ್ಲಿ ಹಾಡು ಬರುತ್ತಿತ್ತು, ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟವನ ಕಾರಿನಲ್ಲಿ ಬರುತ್ತಿರಲಿಲ್ಲ. ಕಳ್ಳನಿಗೆ ತಾಗದ, ಗಿರಾಕಿಗೆ ಮಾತ್ರ ತಾಗುವ ಬೀಗ. ನಕಲಿನಿಂದ ಹಾಡುಗಾರರಿಗೂ ಕಂಪನಿಗಳಿಗೂ ನಷ್ಟವಾದದ್ದು ನಿಜ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ನಷ್ಟವನ್ನು ಈ ಡಿಸ್ಕುಗಳು ಒಂದು ಕಾಸಿನಷ್ಟೂ ತುಂಬಿಕೊಡಲಿಲ್ಲ ಎಂದೇ ನನ್ನ ಅಭಿಪ್ರಾಯ.

ಇನ್ನು ವೈರಸ್ಸಿನ ಪ್ರಶ್ನೆ. ಇಲ್ಲಿ ಅಮೆರಿಕದ ಡಿಸ್ಕುಗಳನ್ನು ಬೇರೆ ಇಟ್ಟು ನೋಡಿ. ಡಬ್ಬಿಯ ಬೆನ್ನಿನಲ್ಲಿ 'ಕಂಟೆಂಟ್ ಪ್ರೊಟೆಕ್ಟೆಡ್' ಎಂದಿದ್ದು, ಹಿಂಬದಿಯ ಚೌಕದೊಳಗಿನ ವೆಬ್ ವಿಳಾಸದ ಕೊನೆಯಲ್ಲಿ 'ಎಕ್ಸ್‌ಸಿಪಿ' ಎಂಬ ಮೂರಕ್ಷರ ಇದ್ದರೆ, ನಿಮ್ಮ ಕೈಯಲ್ಲಿರುವುದು ಸಂಗೀತೋದ್ಯಮದ ಚರಿತ್ರೆಯಲ್ಲೇ ಅತ್ಯಂತ ಕುಖ್ಯಾತವಾದ ಡಿಸ್ಕುಗಳಲ್ಲಿ ಒಂದು. 2005ರಲ್ಲಿ ಸೋನಿ ಬಿಎಂಜಿ ಕಂಪನಿ 52 ಆಲ್ಬಂಗಳಲ್ಲಿ ಎಕ್ಸ್‌ಸಿಪಿ ಎಂಬ ಈ ಬೀಗವನ್ನು ಹಾಕಿತ್ತು. ಸುಮಾರು 47 ಲಕ್ಷ ಡಿಸ್ಕ್ ಅಂಗಡಿಗೆ ಹೋಗಿ, 21 ಲಕ್ಷದಷ್ಟು ಮಾರಾಟವೂ ಆಗಿದ್ದವು.

ಅದೇ ವರ್ಷ ಅಕ್ಟೋಬರ್ 31ರಂದು ಮಾರ್ಕ್ ರುಸಿನೋವಿಚ್ ಎಂಬ ವಿಂಡೋಸ್ ತಜ್ಞರು ತಮ್ಮ ಕಂಪ್ಯೂಟರಿನಲ್ಲಿ ಕಂಡದ್ದನ್ನು ಬರೆದರು. ಡಿಸ್ಕ್ ಹಾಕಿದವರ ಕಂಪ್ಯೂಟರಿನೊಳಗೆ ಒಂದು ಪ್ರೋಗ್ರಾಂ ಸೇರಿಕೊಂಡು, ತನ್ನನ್ನೂ ತನ್ನ ಫೈಲುಗಳನ್ನೂ ವಿಂಡೋಸ್‌ನ ಕಣ್ಣಿಗೇ ಬೀಳದಂತೆ ಮರೆಮಾಡುತ್ತಿತ್ತು. ಇಂಥದ್ದಕ್ಕೆ ರೂಟ್‌ಕಿಟ್ ಎನ್ನುತ್ತಾರೆ. ಡಾಲರ್ ಚಿಹ್ನೆ, ಸಿಸ್, ಮತ್ತೆ ಡಾಲರ್ ಚಿಹ್ನೆ ಎಂದು ಹೆಸರು ಶುರುವಾಗುವ ಯಾವ ಫೈಲಾದರೂ ಮಾಯ. ಅವರು ನೋಟ್‌ಪ್ಯಾಡ್ ಫೈಲಿಗೆ ಹಾಗೆ ಹೆಸರಿಟ್ಟು ನೋಡಿದರು, ಅದೂ ಕಣ್ಮರೆಯಾಯಿತು. ಅಂದರೆ ಬೇರೆ ಯಾರ ವೈರಸ್ಸಿಗಾದರೂ ಇದೇ ಹೆಸರಿಟ್ಟರೆ ಅದಕ್ಕೂ ಪುಕ್ಕಟೆ ಮರೆ ಸಿಗುತ್ತದೆ. ಕೆಲವೇ ದಿನಗಳಲ್ಲಿ ಅಂಥವು ಬಂದೂ ಬಂದವು. ಗೊತ್ತಿಲ್ಲದೆ ಆ ಫೈಲುಗಳನ್ನು ಕೈಯಾರೆ ಅಳಿಸಿದರೆ ಸಿಡಿ ಡ್ರೈವೇ ವಿಂಡೋಸ್‌ನಿಂದ ಮಾಯವಾಗುತ್ತಿತ್ತು. ತೆಗೆದುಹಾಕಲು ಕಂಪನಿ ಕೊಟ್ಟ ತಂತ್ರಾಂಶ ಇನ್ನೂ ದೊಡ್ಡ ಬಾಗಿಲು ತೆರೆಯಿತು, ಅದನ್ನು ಹೊರಗೆಡಹಿದವರೂ ಹಾಲ್ಡರ್‌ಮನ್ ಮತ್ತು ಅವರ ಮೇಷ್ಟ್ರು ಎಡ್ ಫೆಲ್ಟನ್. ಕಂಪನಿಯ ಹಿರಿಯ ಅಧಿಕಾರಿಯೊಬ್ಬರು ರೇಡಿಯೊದಲ್ಲಿ, ಹೆಚ್ಚಿನವರಿಗೆ ರೂಟ್‌ಕಿಟ್ ಎಂದರೇನೆಂದೇ ಗೊತ್ತಿಲ್ಲ, ಅವರು ಯಾಕೆ ತಲೆ ಕೆಡಿಸಿಕೊಳ್ಳಬೇಕು ಎಂಬರ್ಥದಲ್ಲಿ ಮಾತಾಡಿದರು. ಅಲ್ಲಿಗೆ ಮುಗಿಯಿತು. ನವೆಂಬರಿನಲ್ಲೇ ಡಿಸ್ಕ್ ವಾಪಸ್ ಪಡೆದರು, ಟೆಕ್ಸಾಸ್ ರಾಜ್ಯ ಮೊಕದ್ದಮೆ ಹೂಡಿತು, 2007ರ ಜನವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜೊತೆಗಿನ ರಾಜಿಯಲ್ಲಿ ಕಂಪ್ಯೂಟರ್ ಕೆಟ್ಟವರಿಗೆ 150 ಡಾಲರ್‌ವರೆಗೆ ಕೊಡಲು ಒಪ್ಪಿದರು. ತಮಾಷೆಯ ಸಂಗತಿ ಇನ್ನೊಂದಿದೆ: ಈ ಬೀಗದ ತಂತ್ರಾಂಶದೊಳಗೆ 'ಲೇಮ್' ಎಂಬ ಮುಕ್ತ ತಂತ್ರಾಂಶದ ತುಣುಕುಗಳು, ಅದರ ಲೈಸೆನ್ಸಿನ ಷರತ್ತು ಪಾಲಿಸದೆ ಸೇರಿಕೊಂಡಿದ್ದವು. ಕೃತಿಸ್ವಾಮ್ಯ ಕಾಯಲು ಕೂರಿಸಿದ ಕಾವಲುಗಾರನ ಜೇಬಿನಲ್ಲೇ ಕದ್ದ ಮಾಲು.

ನಿಮ್ಮ ಲ್ಯಾಪ್‌ಟಾಪ್ ಬಗ್ಗೆ ಚಿಂತೆ ಬೇಡ. ಎಕ್ಸ್‌ಸಿಪಿಯ ಡ್ರೈವರ್ 32 ಬಿಟ್ ವಿಂಡೋಸ್‌ಗೆ ಬರೆದದ್ದು, ಇಂದಿನ 64 ಬಿಟ್ ವಿಂಡೋಸ್ ಅದನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಆದರೆ ಆ ಕಾಲದ ವಿಂಡೋಸ್ ಎಕ್ಸ್‌ಪಿ ಕಂಪ್ಯೂಟರೊಂದು ಅಟ್ಟದ ಮೇಲಿದ್ದು, ಅದರಲ್ಲಿ ಈ ಡಿಸ್ಕ್ ಹಾಕಿದ್ದ ನೆನಪಿದ್ದರೆ, ಬೇಕಾದ ಫೋಟೊಗಳನ್ನು ತೆಗೆದುಕೊಂಡು ಹಾರ್ಡ್ ಡಿಸ್ಕ್ ಪೂರ್ತಿ ಫಾರ್ಮ್ಯಾಟ್ ಮಾಡಿಬಿಡಿ. ಫ್ರಾಂಕ್‌ಫರ್ಟಿನ ಕಾಪಿ ಕಂಟ್ರೋಲ್ ಡಿಸ್ಕುಗಳು ತಲೆನೋವೇ ಹೊರತು ಈ ಜಾತಿಯವಲ್ಲ.

ಕಾನೂನಿನ ವಿಷಯದಲ್ಲಿ ಎಸ್.ಪಿ. ರೋಡಿನ ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜವಿದೆ, ಅದೂ ನಿಮಗಿಂತ ಅವರಿಗೇ ಹೆಚ್ಚು ಅನ್ವಯಿಸುವಂಥದ್ದು. 1957ರ ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಎಂಬ ಕಲಂ ಸೇರಿತು. ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ತಾಂತ್ರಿಕ ಬೀಗ ಮುರಿದರೆ ಎರಡು ವರ್ಷದವರೆಗೆ ಜೈಲು, ಜೊತೆಗೆ ದಂಡ. ಇಲ್ಲಿ 'ಉಲ್ಲಂಘಿಸುವ ಉದ್ದೇಶ' ಎನ್ನುವ ಮಾತೇ ಮುಖ್ಯ. ಕಾಯ್ದೆ ನಿಷೇಧಿಸದ ಕೆಲಸಕ್ಕೆ ಬೀಗ ದಾಟಿದರೆ ತಪ್ಪಲ್ಲ ಎಂದು ಅದೇ ಕಲಂ ಹೇಳುತ್ತದೆ. ಖಾಸಗಿ, ವೈಯಕ್ತಿಕ ಬಳಕೆಗಾಗಿ ನ್ಯಾಯಯುತವಾಗಿ ಬಳಸಿಕೊಳ್ಳುವುದು 52ನೇ ಕಲಮಿನ ಪ್ರಕಾರ ಉಲ್ಲಂಘನೆಯೂ ಅಲ್ಲ. 2012ರ ತಿದ್ದುಪಡಿಯ ನಂತರ ಇದು ಧ್ವನಿಮುದ್ರಣಗಳಿಗೂ ಅನ್ವಯಿಸುತ್ತದೆ. ಮನೆಯವರ ಡಿಸ್ಕನ್ನು ನಿಮ್ಮ ಕಾರಿನಲ್ಲಿ ಕೇಳಲು ಪೆನ್‌ಡ್ರೈವ್‌ಗೆ ಹಾಕಿಕೊಳ್ಳುವುದು ನನ್ನ ತಿಳಿವಳಿಕೆಯಲ್ಲಿ ಈ ಗೆರೆಯೊಳಗಿನ ಕೆಲಸ. ಅಪಾರ್ಟ್‌ಮೆಂಟಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರೆ ಗೆರೆ ದಾಟಿದಂತೆ. ಪ್ರತಿ ಇಟ್ಟುಕೊಂಡು ಮೂಲ ಡಿಸ್ಕನ್ನು ಮಾರಿದರೂ ಅಷ್ಟೆ.

ಅಂಗಡಿಯವರ ಕಥೆ ಬೇರೆ. ಹೀಗೆ ನ್ಯಾಯವಾದ ಕಾರಣಕ್ಕೆ ಇನ್ನೊಬ್ಬರ ಪರವಾಗಿ ಬೀಗ ದಾಟಲು ನೆರವಾಗುವವರು ಆ ವ್ಯಕ್ತಿಯ ಹೆಸರು, ವಿಳಾಸ, ಗುರುತಿಸಲು ಬೇಕಾದ ವಿವರ, ಉದ್ದೇಶ ಎಲ್ಲವನ್ನೂ ದಾಖಲೆ ಮಾಡಿಡಬೇಕು ಎಂದು 65ಎ ಹೇಳುತ್ತದೆ. ಐವತ್ತು ರೂಪಾಯಿ ಕೆಲಸಕ್ಕೆ ರಿಜಿಸ್ಟರ್ ಇಡುವವರಾರು? ಮೇಲಾಗಿ, ನಾವೆಲ್ಲ ಗೂಂಡಾ ಕಾಯ್ದೆ ಎಂದು ಕರೆಯುವ ಕರ್ನಾಟಕದ ಕಾಯ್ದೆಯ ಉದ್ದನೆಯ ಹೆಸರಿನಲ್ಲಿ ಆಡಿಯೊ, ವಿಡಿಯೊ ಪೈರೇಟ್‌ಗಳೂ ಸೇರಿದ್ದಾರೆ, ಅದರಡಿ ವಿಚಾರಣೆಗೆ ಮೊದಲೇ ಬಂಧನದಲ್ಲಿಡಬಹುದು. ಅವರು ಕೈ ಮುಗಿದದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ನೀವೇ ಮನೆಯಲ್ಲಿ ಮಾಡಿಕೊಳ್ಳಿ.

ಇಲ್ಲೊಂದು ವಿಚಿತ್ರವನ್ನೂ ಹೇಳಬೇಕು. ನಮ್ಮಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮರುವರ್ಷದಿಂದ 60 ವರ್ಷ. 2003ರಲ್ಲಿ ಬಂದ ಡಿಸ್ಕಿನದು 2063ರ ಕೊನೆಗೆ ತೀರುತ್ತದೆ. ಡಿಸ್ಕಿನೊಳಗಿನ ಬೀಗಕ್ಕೆ ಆ ತಾರೀಖು ಗೊತ್ತಿಲ್ಲ. ಹಕ್ಕು ತೀರಿದರೂ ಬೀಗ ತೀರುವುದಿಲ್ಲ.

ಈಗ ಕೆಲಸ. ಮೊದಲು ಬೇರೆ ಬೇರೆ ಡ್ರೈವ್ ಹಾಕಿ ನೋಡಿ. ಎಲ್ಲ ಡ್ರೈವೂ ಒಂದೇ ಥರ ಎಡವುವುದಿಲ್ಲ. ಸ್ನೇಹಿತರ ಹಳೇ ಡೆಸ್ಕ್‌ಟಾಪಿನಲ್ಲೋ ವಿಂಡೋಸ್ ಬದಲು ಲಿನಕ್ಸ್ ಇರುವ ಕಂಪ್ಯೂಟರಿನಲ್ಲೋ ಎಷ್ಟೋ ಡಿಸ್ಕುಗಳು ಏನೂ ಆಗದವರಂತೆ ತೆರೆದುಕೊಳ್ಳುತ್ತವೆ. ಹಾಡುಗಳ ಪಟ್ಟಿ ಸರಿಯಾಗಿ ಕಂಡರೆ 'ಎಕ್ಸಾಕ್ಟ್ ಆಡಿಯೊ ಕಾಪಿ' ಅಥವಾ ಲಿನಕ್ಸಿನ 'ಸಿಡಿಪ್ಯಾರನಾಯಾ' ತಂತ್ರಾಂಶ ಬಳಸಿ ಎತ್ತಿಕೊಳ್ಳಿ. ಇವು ಒಂದೇ ಜಾಗವನ್ನು ಮತ್ತೆ ಮತ್ತೆ ಓದಿ ತಾಳೆ ನೋಡುವುದರಿಂದ ನಿಧಾನ, ಆದರೆ ನಂಬಬಹುದು.

ಅದಕ್ಕೂ ಬಗ್ಗದಿದ್ದರೆ ನಿಮ್ಮ ಹಳೇ ಪ್ಲೇಯರ್ ಇದ್ದೇ ಇದೆ. ಅದು ಹಾಡುತ್ತದೆ ಎಂದ ಮೇಲೆ ಹಾಡನ್ನು ಹಿಡಿದಿಟ್ಟುಕೊಳ್ಳಬಹುದು. ಯಾವ ಬೀಗವೂ ಇದನ್ನು ತಡೆಯಲು ಆಗಿಲ್ಲ. ಪ್ಲೇಯರಿನ ಹಿಂದೆ ಕೆಂಪು, ಬಿಳಿ ಎರಡು 'ಲೈನ್ ಔಟ್' ತೂತುಗಳಿರುತ್ತವೆ. ಅಲ್ಲಿಂದ ವಯರ್ ಎಳೆದು ಒಂದು ಸಾದಾ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಮೂಲಕ ಲ್ಯಾಪ್‌ಟಾಪಿಗೆ ಕೊಡಿ. ಲ್ಯಾಪ್‌ಟಾಪಿನ ಮೈಕ್ ಜಾಕಿಗೆ ನೇರವಾಗಿ ಚುಚ್ಚಬೇಡಿ. ಅದು ಸಾಮಾನ್ಯವಾಗಿ ಮೋನೊ, ಅಲ್ಲದೆ ಲೈನ್ ಔಟಿನ ಜೋರಿಗೆ ಸದ್ದು ಒಡೆಯುತ್ತದೆ. 'ಆಡಾಸಿಟಿ' ತಂತ್ರಾಂಶದಲ್ಲಿ 44.1 ಕಿಲೋಹರ್ಟ್ಸ್, ಸ್ಟೀರಿಯೊ ಇಟ್ಟುಕೊಳ್ಳಿ. ಆಲ್ಬಂನ ಅತ್ಯಂತ ಜೋರಾದ ಹಾಡನ್ನು ಮೊದಲು ಹಾಕಿ, ಮೀಟರಿನ ಪಟ್ಟಿ ಸೊನ್ನೆಗಿಂತ ಮೂರರಿಂದ ಆರು ಡೆಸಿಬೆಲ್ ಕೆಳಗೇ ನಿಲ್ಲುವಂತೆ ಮಟ್ಟ ಹೊಂದಿಸಿ. 'ಗುಂಯ್' ಎಂಬ ಹಮ್ ಕೇಳಿಸಿದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲೇ ನಡೆಸಿ. ಅರ್ಥಿಂಗ್ ಸರಿಯಿಲ್ಲದ ಮನೆಗಳಲ್ಲಿ ಮುಕ್ಕಾಲು ಪಾಲು ಹಮ್ ಅಲ್ಲಿಗೇ ನಿಲ್ಲುತ್ತದೆ. ಆಮೇಲೆ ಫ್ಯಾನ್ ಹಾಕಿಕೊಂಡು ಆಲ್ಬಂ ಪೂರ್ತಿ ಕೇಳಿ. ಒಂದು ಗಂಟೆಯ ಡಿಸ್ಕಿಗೆ ಒಂದು ಗಂಟೆಯೇ ಬೇಕು, ಬೇರೆ ದಾರಿಯಿಲ್ಲ. ಹೀಗೆ ಹಿಡಿದ ಪ್ರತಿಯಲ್ಲಿ ಗುಣಮಟ್ಟ ಒಂದಿಷ್ಟು ಇಳಿಯುತ್ತದೆ ನಿಜ, ಆದರೆ ಡಿಸ್ಕಿನೊಳಗೆ ಕುಗ್ಗಿಸಿ ಇಟ್ಟಿದ್ದ ಆ ಮಂಕು ಪ್ರತಿಗಿಂತ ಎಷ್ಟೋ ವಾಸಿ.

ಒರೆಸುವಾಗ ಮೆತ್ತನೆಯ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತು ಹಾಕಿ ಬೇಡ. ಹೊಳೆಯುವ ಬದಿಗಿಂತ ಹೆಸರು ಅಚ್ಚಾದ ಬದಿಯನ್ನು ಹೆಚ್ಚು ಜೋಪಾನ ಮಾಡಬೇಕು. ಅಲ್ಯುಮಿನಿಯಂ ಪದರ ಇರುವುದು ಅದರ ಕೆಳಗೇ, ಮೇಲೆ ಇರುವುದು ತೆಳ್ಳನೆಯ ಲ್ಯಾಕರ್ ಮಾತ್ರ. ಅಲ್ಲಿ ಬಾಲ್‌ಪೆನ್ನಿನಲ್ಲಿ ಹೆಸರು ಬರೆದರೂ ಹಾಡಿಗೆ ತೂತು ಬೀಳಬಹುದು.

ಇಟ್ಟುಕೊಳ್ಳುವ ಪ್ರತಿ ಫ್ಲ್ಯಾಕ್ ರೂಪದಲ್ಲಿರಲಿ, ಜಾಗ ಕಡಿಮೆ ಹಿಡಿಯುತ್ತದೆ, ಹಾಡಿನಲ್ಲಿ ಏನೂ ಕಳೆಯುವುದಿಲ್ಲ. ಕಾರಿಗೆ ಅದರಿಂದಲೇ 320 ಕೆಬಿಪಿಎಸ್ ಎಂಪಿ3 ಮಾಡಿಕೊಳ್ಳಿ. ಪೆನ್‌ಡ್ರೈವನ್ನು ಫ್ಯಾಟ್32ರಲ್ಲಿ ಫಾರ್ಮ್ಯಾಟ್ ಮಾಡಿ, ಫೈಲಿನ ಹೆಸರಿನ ಮೊದಲಲ್ಲಿ 01, 02 ಎಂದು ಹಾಕಿ. ಇಲ್ಲದಿದ್ದರೆ ಎಷ್ಟೋ ಕಾರ್ ಸ್ಟೀರಿಯೊಗಳು ಹಾಡನ್ನು ಅಕಾರಾದಿಯಲ್ಲಿ ಹಾಡುತ್ತವೆ.